ಕುಂಡದ ಗಿಡಕ್ಕೆ ಕಂದು ಕಲೆ: ಮದ್ದಿಗೆ ಮೊದಲು ಮೂಲ

ಮನೆಯೊಳಗಿನ ಗಿಡದ ಎಲೆಯಲ್ಲಿ ಕಂದು ಕಲೆ ಕಾಣಿಸಿತೆಂದರೆ ಆ ಜಾಗದ ಜೀವಕೋಶಗಳು ಸತ್ತಿವೆ ಎಂದು ತಿಳಿಯಬೇಕು. ಕೋಶ ಒಡೆದಾಗ ಅದರೊಳಗಿನ ಫೀನಾಲ್ ಸಂಯುಕ್ತಗಳು ಆಮ್ಲಜನಕದೊಡನೆ ವರ್ತಿಸಿ ಕಂದುಬಣ್ಣಕ್ಕೆ ತಿರುಗುತ್ತವೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಆದ್ದರಿಂದ ಬಣ್ಣವೊಂದನ್ನೇ ನೋಡಿ ಕಾರಣ ಹೇಳಲಾಗದು. ನೀರು ಹೆಚ್ಚಾಗಿ ಬೇರು ಕೊಳೆತರೂ, ನೀರು ಸಾಲದೆ ಒಣಗಿದರೂ, ಬಿಸಿಲು ಸುಟ್ಟರೂ, ಮಣ್ಣಲ್ಲಿ ಲವಣ ಏರಿದರೂ, ಶಿಲೀಂಧ್ರ ಹೊಕ್ಕರೂ ಎಲೆ ಕೊನೆಗೆ ತೋರುವುದು ಅದೇ ಕಂದುಬಣ್ಣ. ಕಲೆ ಎಲೆಯ ಯಾವ ಭಾಗದಲ್ಲಿ ಹುಟ್ಟಿತು, ಅದರ ಅಂಚು ಹೇಗಿದೆ, ಮುಟ್ಟಿದರೆ ಗರಿಗರಿಯೋ ಮೆತ್ತಗೋ, ಹಳೆಯ ಎಲೆಯಲ್ಲೋ ಚಿಗುರಲ್ಲೋ, ಎಷ್ಟು ದಿನದಲ್ಲಿ ಎಷ್ಟು ಹರಡಿತು ಎಂಬ ವಿವರಗಳಿಂದ ಮಾತ್ರ ಮೂಲ ಪತ್ತೆಯಾಗುತ್ತದೆ.

ಕಲೆ ಕಂಡ ಕೂಡಲೇ ಗೊಬ್ಬರದಂಗಡಿಗೆ ಹೋಗಿ ಯಾವುದೋ ಪುಡಿ ತಂದು ಸಿಂಪಡಿಸುವುದು ಎಲ್ಲ ಕಡೆ ನಡೆದಿದೆ. ಇದು ಗಿಡಕ್ಕೂ ಮನೆಯವರಿಗೂ ಒಳ್ಳೆಯದಲ್ಲ. ಮನೆಯೊಳಗಿನ ಗಿಡಗಳಲ್ಲಿ ಕಾಣುವ ಕಂದು ಕಲೆಗಳಲ್ಲಿ ಬಹುಪಾಲು ರೋಗವೇ ಅಲ್ಲ. ಶಿಲೀಂಧ್ರದ ಬೀಜಕ ಮೊಳೆತು ಎಲೆಯೊಳಗೆ ಇಳಿಯಬೇಕಾದರೆ ಎಲೆಯ ಮೇಲೆ ಹಲವು ಗಂಟೆ ನೀರಿನ ಪಸೆ ನಿಂತಿರಬೇಕು. ಮಳೆ, ಇಬ್ಬನಿ ಎರಡೂ ತಾಗದ ಹಜಾರದಲ್ಲಿ ಅಂಥ ಸಂದರ್ಭ ಕಡಿಮೆ. ಅಲ್ಲಿನ ಗಿಡವನ್ನು ಕಾಡುವುದು ಹೆಚ್ಚಾಗಿ ನೀರು, ಲವಣ, ಬೆಳಕು ಈ ಮೂರೇ. ಇವುಗಳಿಗೆ ಅಂಗಡಿಯಲ್ಲಿ ಔಷಧಿ ಸಿಗುವುದಿಲ್ಲ.

ಮೊದಲಿಗೆ, ಕಲೆಯಂತೆ ಕಂಡರೂ ಕಲೆಯಲ್ಲದ ಕೆಲವನ್ನು ಬೇರ್ಪಡಿಸಿಕೊಳ್ಳಬೇಕು. ಜರೀಗಿಡದ ಎಲೆಯ ಅಡಿಯಲ್ಲಿ ಸಾಲುಸಾಲಾಗಿ, ಒಂದೇ ಅಳತೆಯಲ್ಲಿ, ನಡುನರದ ಎರಡೂ ಬದಿಗೆ ಸಮನಾಗಿ ಕೂತ ಕಂದು ಚುಕ್ಕೆಗಳು ಅದರ ಬೀಜಕಗಳ ಗುಂಪು. ಅವು ಗಿಡ ಬಲಿತಿದೆ ಎನ್ನುವುದರ ಗುರುತು. ಇದನ್ನು ರೋಗವೆಂದು ಭಾವಿಸಿ ಆರೋಗ್ಯವಂತ ಎಲೆಗಳನ್ನು ಕತ್ತರಿಸಿ ಹಾಕುವವರಿದ್ದಾರೆ. ರಬ್ಬರ್ ಪ್ಲಾಂಟಿನ ತುದಿಯಲ್ಲಿ ಚಿಗುರನ್ನು ಸುತ್ತಿಕೊಂಡಿರುವ ಕೆಂಪು ಪೊರೆ ಎಲೆ ಬಿಚ್ಚಿಕೊಂಡ ಮೇಲೆ ಕಂದಾಗಿ ಒಣಗಿ ಉದುರುತ್ತದೆ, ಅದೂ ಸಹಜ. ಮನಿಪ್ಲಾಂಟಿನ ಬುಡದ ಒಂದೆರಡು ಎಲೆ ಆಗಾಗ ಹಳದಿಯಾಗಿ ಆಮೇಲೆ ಕಂದಾಗುವುದು ವಯಸ್ಸಾದುದರಿಂದ. ಗಿಡ ಹಳೆಯ ಎಲೆಯಲ್ಲಿದ್ದ ಸಾರಜನಕ, ಪೊಟ್ಯಾಷ್‌ಗಳನ್ನು ಚಿಗುರಿಗೆ ಸಾಗಿಸಿಕೊಂಡು ಅದನ್ನು ಬಿಟ್ಟುಕೊಡುತ್ತದೆ. ಇನ್ನು ಕಾಂಡದ ಮೇಲೆ, ಎಲೆಯ ನಡುನರದ ಉದ್ದಕ್ಕೆ ಅಂಟಿಕೊಂಡ ಉಬ್ಬಿದ ಕಂದು ಬೊಟ್ಟನ್ನು ಉಗುರಿನಿಂದ ಕೆರೆದಾಗ ಅದು ಹುರುಪೆಯಂತೆ ಇಡಿಯಾಗಿ ಎದ್ದು ಬಂದರೆ, ಅದು ಶಲ್ಕ ಕೀಟ. ಕಲೆಯಾಗಿದ್ದರೆ ಕೆರೆದರೂ ಏಳುವುದಿಲ್ಲ.

ನಿಜವಾದ ಕಲೆಯೆಂದು ಖಚಿತವಾದ ಮೇಲೆ ಗಿಡವನ್ನು ಬೆಳಕಿಗೆ ತಂದು ನೋಡಬೇಕು. ಎಲೆಯ ಮೇಲ್ಭಾಗದಷ್ಟೇ ಅಡಿಭಾಗವೂ ಮುಖ್ಯ. ಎಲೆಯನ್ನು ಕಿಟಕಿಗೆ ಹಿಡಿದು, ಕಲೆಯ ಸುತ್ತ ಹಳದಿ ಬಳೆ ಇದೆಯೇ, ನೀರಲ್ಲಿ ನೆನೆದಂತೆ ಪಾರದರ್ಶಕವಾಗಿದೆಯೇ ಎಂದು ಪರೀಕ್ಷಿಸಬೇಕು. ಬಳಿಕ ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗಿಳಿಸಿ ತೇವ ನೋಡಬೇಕು. ಕುಂಡವನ್ನು ಎತ್ತಿ ಭಾರ ನೋಡುವುದು ಇನ್ನೂ ಒಳ್ಳೆಯ ಪರೀಕ್ಷೆ. ನೀರುಂಡ ಕುಂಡಕ್ಕೂ ಒಣಗಿದ ಕುಂಡಕ್ಕೂ ಇರುವ ತೂಕದ ವ್ಯತ್ಯಾಸ ಒಂದೆರಡು ವಾರದಲ್ಲಿ ಕೈಗೆ ರೂಢಿಯಾಗುತ್ತದೆ. ಕಲೆಗಳ ಅಳತೆ ತಿಳಿಯಲು ಒಂದು ಎಲೆಯ ಕಲೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು ದಿನಾಂಕ ಬರೆದಿಡುವುದು ತುಂಬ ಉಪಯುಕ್ತ. ವಾರ ಕಳೆದರೂ ಕಲೆ ಗೆರೆಯೊಳಗೇ ಉಳಿದರೆ ಅದು ಮುಗಿದುಹೋದ ಗಾಯ, ಗೆರೆ ದಾಟಿದರೆ ಕಾರಣ ಇನ್ನೂ ಅಲ್ಲೇ ಇದೆ.

ಎಲೆಯ ತುದಿ ಮತ್ತು ಅಂಚು ಮಾತ್ರ ಕಂದಾಗಿ ಒಣಗುವುದು ಮನೆಗಿಡಗಳ ಅತಿ ಸಾಮಾನ್ಯ ದೂರು. ಬೇರು ಹೀರಿದ ನೀರು ಎಲೆಯವರೆಗೆ ಏರಿ ಆವಿಯಾಗಿ ಹೊರಟುಹೋಗುತ್ತದೆ, ಅದರಲ್ಲಿ ಕರಗಿದ ಲವಣ ಮಾತ್ರ ಉಳಿಯುತ್ತದೆ. ನೀರಿನ ಹಾದಿ ಕೊನೆಗೊಳ್ಳುವ ಜಾಗವೇ ತುದಿ ಮತ್ತು ಅಂಚು. ಅಲ್ಲಿ ಲವಣ ಸೇರುತ್ತ ಸೇರುತ್ತ ಕೋಶಗಳನ್ನು ಕೊಲ್ಲುತ್ತದೆ. ಕುಂಡದ ಅಂಚಿನಲ್ಲಿ, ಮಣ್ಣಿನ ಕುಂಡವಾದರೆ ಹೊರಮೈಮೇಲೆ, ಬಿಳಿ ಪುಡಿ ಕಟ್ಟಿದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ. ಕರ್ನಾಟಕದ ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬನೇಟುಗಳು ಕುಂಡದ ಸಣ್ಣ ಪ್ರಮಾಣದ ಮಣ್ಣಲ್ಲಿ ದಿನದಿಂದ ದಿನಕ್ಕೆ ಕೂಡಿಕೊಳ್ಳುತ್ತವೆ. ಹೊಲದಲ್ಲಾದರೆ ಮಳೆಗಾಲ ಬಂದು ತೊಳೆದುಬಿಡುತ್ತದೆ. ಮನೆಯೊಳಗಿನ ಕುಂಡಕ್ಕೆ ಮಳೆಗಾಲವೇ ಇಲ್ಲ.

ಫ್ಲೋರೈಡಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಡ್ರಸೀನಾ, ಸ್ಪೈಡರ್ ಪ್ಲಾಂಟ್, ಕಾರ್ಡಿಲೈನ್ ಮೊದಲಾದ ಉದ್ದೆಲೆಯ ಗಿಡಗಳು ಫ್ಲೋರೈಡನ್ನು ಸ್ವಲ್ಪವೂ ಸಹಿಸವು. ಎಲೆಯ ತುದಿಗೆ ಹೋಗಿ ಸೇರಿದ ಫ್ಲೋರೈಡ್ ಅಲ್ಲಿಂದ ಕದಲುವುದಿಲ್ಲ. ಮೊದಲು ತುದಿ, ಆಮೇಲೆ ಅಂಚಿನುದ್ದಕ್ಕೆ ಕಂದು ಪಟ್ಟಿ, ಅದಕ್ಕೂ ಹಸಿರಿಗೂ ನಡುವೆ ತೆಳುವಾದ ಹಳದಿ ಗೆರೆ. ಅಮೆರಿಕದಂಥ ದೇಶಗಳಲ್ಲಿ ಹಲ್ಲಿನ ಆರೋಗ್ಯಕ್ಕೆಂದು ನಲ್ಲಿನೀರಿಗೆ ಫ್ಲೋರೈಡ್ ಬೆರೆಸುತ್ತಾರೆ, ಭಾರತದಲ್ಲಿ ಬೆರೆಸುವುದಿಲ್ಲ. ಇಲ್ಲಿ ಅದು ಬರುವುದು ನೆಲದಾಳದ ಬಂಡೆಯಿಂದ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದ ಅನೇಕ ಕೊಳವೆಬಾವಿಗಳಲ್ಲಿ ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಒಪ್ಪುವ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದ ಫ್ಲೋರೈಡ್ ಇದೆ. ಆ ಊರುಗಳಲ್ಲಿ ಡ್ರಸೀನಾದ ತುದಿ ಒಣಗುವುದಕ್ಕೆ ಆರೈಕೆಯ ದೋಷ ಹುಡುಕುವುದು ವ್ಯರ್ಥ. ಮಾತ್ರವಲ್ಲ, ತುದಿ ಒಣಗಿದ ಗಿಡ ಆ ನೀರನ್ನು ಕುಡಿಯುವ ಮನೆಮಂದಿಯ ಹಲ್ಲು ಮೂಳೆಗಳ ಬಗ್ಗೆಯೂ ಎಚ್ಚರಿಸುತ್ತದೆ ಎಂಬುದನ್ನು ಗಮನಿಸಬೇಕು. ಅಂಥ ಕಡೆ ಮೊದಲು ಪ್ರಯೋಗಾಲಯಕ್ಕೆ ಹೋಗಬೇಕಾದದ್ದು ಮನೆಯ ನೀರು.

ನೀರನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ತೆರೆದಿಟ್ಟರೆ ಕ್ಲೋರಿನ್ ಬಹಳಷ್ಟು ಹಾರಿಹೋಗುತ್ತದೆ. ಫ್ಲೋರೈಡಾಗಲಿ ಲವಣವಾಗಲಿ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾದಷ್ಟೂ ಫ್ಲೋರೈಡಿನ ಸಾಂದ್ರತೆ ಏರುತ್ತದೆ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಇರುವುದರಿಂದ ಈ ಜಾತಿಯ ಗಿಡಗಳಿಗೆ ಅದನ್ನು ಹಾಕಬಾರದು. ಮಣ್ಣಿಗೆ ಸ್ವಲ್ಪ ಕೃಷಿ ಸುಣ್ಣ ಬೆರೆಸಿ ಹುಳಿ ತಗ್ಗಿಸಿದರೆ ಬೇರಿಗೆ ಸಿಗುವ ಫ್ಲೋರೈಡ್ ಕಡಿಮೆಯಾಗುತ್ತದೆ. ಬೋರ್‌ವೆಲ್ ನೀರೇ ಕ್ಷಾರವಾಗಿರುವ ಕಡೆ ಈ ಉಪಾಯ ಬೇಡ. ಎಲ್ಲಕ್ಕಿಂತ ಸರಳ ಪರಿಹಾರ ಮಳೆನೀರು. ಮೊದಲೆರಡು ಮಳೆಗೆ ತಾರಸಿ ತೊಳೆದುಹೋದ ಮೇಲೆ ಹಿಡಿದಿಟ್ಟ ನೀರಿನಷ್ಟು ಹಿತವಾದದ್ದು ಕುಂಡದ ಗಿಡಕ್ಕೆ ಇನ್ನೊಂದಿಲ್ಲ.

ನಗರದ ಮನೆಗಳಲ್ಲಿ ಎರಡು ನೀರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಒಂದು, ಆರ್‌ಒ ಶುದ್ಧೀಕರಣ ಯಂತ್ರದ ಹೊರಕೊಳವೆಯಿಂದ ಬರುವ ನೀರು. ಪೋಲಾಗಬಾರದೆಂಬ ಸದುದ್ದೇಶದಿಂದ ಅನೇಕರು ಇದನ್ನು ಗಿಡಕ್ಕೆ ಹಾಕುತ್ತಾರೆ. ಯಂತ್ರ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಇರುವುದು ಈ ನೀರಿನಲ್ಲೇ. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿದರೆ ಉಳಿತಾಯವೂ ಆಗುತ್ತದೆ, ಗಿಡವೂ ಉಳಿಯುತ್ತದೆ. ಇನ್ನೊಂದು, ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ಘಟಕದಿಂದ ಬರುವ ನೀರು. ಆ ಘಟಕ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ತುಂಬುತ್ತದೆ. ಸ್ನಾನಕ್ಕೆ, ಬಟ್ಟೆ ಒಗೆಯಲು ಅದು ಚೆನ್ನ. ಗಿಡದ ಬೇರಿಗೆ ಮಾತ್ರ ಗಡಸು ನೀರಿಗಿಂತಲೂ ಕೆಟ್ಟದ್ದು.

ಈಗಾಗಲೇ ಲವಣ ಕಟ್ಟಿದ ಕುಂಡವನ್ನು ತೊಳೆಯುವುದು ಕಷ್ಟವಲ್ಲ. ಕುಂಡವನ್ನು ಬಚ್ಚಲಿಗೋ ತಾರಸಿಗೋ ಒಯ್ದು, ಅದರ ಗಾತ್ರದ ಎರಡರಷ್ಟು ಒಳ್ಳೆಯ ನೀರನ್ನು ನಿಧಾನವಾಗಿ, ಬಿಟ್ಟು ಬಿಟ್ಟು ಸುರಿದು ತಳದ ತೂತಿನಿಂದ ಪೂರ್ತಿ ಬಸಿದುಹೋಗಲು ಬಿಡಬೇಕು. ಎರಡು ಮೂರು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ಬಸಿದ ನೀರನ್ನು ತಟ್ಟೆಯಲ್ಲಿ ನಿಲ್ಲಗೊಟ್ಟರೆ ಮಣ್ಣು ಆ ಲವಣವನ್ನೇ ಮರಳಿ ಹೀರುತ್ತದೆ. ಮೇಲಿನ ಬಿಳಿ ಪದರವನ್ನು ಅರ್ಧ ಇಂಚು ಮಣ್ಣಿನ ಸಮೇತ ಕೆರೆದು ತೆಗೆದು ಹೊಸ ಮಣ್ಣು ಹಾಕಬೇಕು.

ಗೊಬ್ಬರವೂ ಲವಣವೇ. ನೀರಲ್ಲಿ ಕರಗುವ 19:19:19 ಗೊಬ್ಬರವನ್ನು ಕುಂಡದ ಗಿಡಕ್ಕೆ ಲೀಟರಿಗೆ 1 ಗ್ರಾಮಿನಂತೆ ಬೆರೆಸಿ ತಿಂಗಳಿಗೊಮ್ಮೆ ಕೊಟ್ಟರೆ ಧಾರಾಳವಾಯಿತು. ಒಣಗಿದ ಮಣ್ಣಿಗೆ ಗೊಬ್ಬರದ ನೀರು ಹಾಕಬಾರದು, ಮೊದಲು ಬರಿಯ ನೀರು ಕೊಟ್ಟು ಆಮೇಲೆ ಹಾಕಬೇಕು. ಡಿಎಪಿ ಕಾಳನ್ನು ಬುಡಕ್ಕೆ ಉದುರಿಸಿದರೆ ಕೆಲವೇ ದಿನದಲ್ಲಿ ಎಲೆಯಂಚು ಸುಟ್ಟಂತಾಗುತ್ತದೆ. ಸಾವಯವವೆಂಬ ಒಂದೇ ಕಾರಣಕ್ಕೆ ಗೋಮೂತ್ರ, ನೆನೆಸಿದ ಕಡಲೆಕಾಯಿ ಹಿಂಡಿಯ ನೀರುಗಳನ್ನು ತೆಳುಮಾಡದೆ ಸುರಿಯುವುದೂ ಅಷ್ಟೇ ಅಪಾಯ. ಹತ್ತು ಪಾಲು ನೀರಾದರೂ ಬೆರೆಯಬೇಕು. ಹಾಗೆಂದು ಎಲ್ಲ ಅಂಚುಗಂದೂ ಅತಿಯಿಂದಲೇ ಆಗುವುದಿಲ್ಲ. ಹಳೆಯ ಎಲೆಗಳ ಅಂಚು ಮೊದಲು ಹಳದಿಯಾಗಿ ಆಮೇಲೆ ಕಂದಾಗುತ್ತಿದ್ದು, ಗಿಡಕ್ಕೆ ವರ್ಷದಿಂದ ಏನನ್ನೂ ಕೊಟ್ಟಿಲ್ಲದಿದ್ದರೆ ಪೊಟ್ಯಾಷ್ ಕೊರತೆ ಇರಬಹುದು.

ಗಿಡ ಸಾಯುವ ಮಟ್ಟಕ್ಕೆ ಹೋಗುವುದು ಹೆಚ್ಚಾಗಿ ಬೇರಿನ ತೊಂದರೆಯಿಂದ. ನೀರು ಕಡಿಮೆಯಾದರೆ ಎಲೆ ತೆಳುಗಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗುತ್ತದೆ, ಕುಂಡ ಹಗುರವಿರುತ್ತದೆ, ಮಣ್ಣು ಕುಂಡದ ಗೋಡೆಯಿಂದ ಬಿರುಕು ಬಿಟ್ಟಿರುತ್ತದೆ. ನೀರು ಹೆಚ್ಚಾದರೆ ಕಲೆ ಗಾಢ ಕಂದು, ಮೆತ್ತಗೆ, ಸುತ್ತ ಹಳದಿ. ಮಣ್ಣು ಹಸಿಯಾಗಿದ್ದರೂ ಎಲೆ ಜೋಲುಬಿದ್ದಿರುತ್ತದೆ. ಇಲ್ಲೇ ಹಲವರು ಎಡವುವುದು. ಜೋತ ಎಲೆ ಕಂಡು ಬಾಯಾರಿಕೆಯೆಂದು ಮತ್ತೆ ನೀರೆರೆಯುತ್ತಾರೆ. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದರೆ ಗಾಳಿಗೆ ಎಡೆಯಿಲ್ಲದೆ ಬೇರು ಉಸಿರುಗಟ್ಟುತ್ತದೆ, ಆ ಹೊತ್ತಿಗೆ ಪಿಥಿಯಂ, ಫೈಟಾಫ್ತೊರಾದಂಥ ರೋಗಾಣುಗಳು ಒಳನುಗ್ಗುತ್ತವೆ. ಅನುಮಾನವಿದ್ದರೆ ಗಿಡವನ್ನು ಕುಂಡದಿಂದ ಹೊರತೆಗೆದು ನೋಡುವುದೇ ಸರಿ. ಒಳ್ಳೆಯ ಬೇರು ಬಿಳಿ ಅಥವಾ ಕೆನೆಬಣ್ಣಕ್ಕಿದ್ದು ಗಟ್ಟಿಯಾಗಿರುತ್ತದೆ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಸಿಪ್ಪೆ ಜಾರಿ ಕೈಗೆ ಬರುತ್ತದೆ, ನಡುವಿನ ನೂಲಿನಂಥ ಎಳೆ ಮಾತ್ರ ಗಿಡದಲ್ಲಿ ಉಳಿಯುತ್ತದೆ, ಕೆಟ್ಟ ವಾಸನೆ ಹೊಡೆಯುತ್ತದೆ. ಅಂಥ ಬೇರನ್ನೆಲ್ಲ ಕತ್ತರಿಸಿ, ಹೊಸ ಮಣ್ಣಿನಲ್ಲಿ, ಉಳಿದ ಬೇರಿನ ಅಳತೆಗೆ ತಕ್ಕ ಚಿಕ್ಕ ಕುಂಡದಲ್ಲಿ ನೆಡಬೇಕು. ಕಾಂಪೋಸ್ಟಿನಲ್ಲಿ ಬೆರೆಸಿದ ಟ್ರೈಕೋಡರ್ಮಾ ಪುಡಿ ಇಲ್ಲಿ ನೆರವಾಗುತ್ತದೆ. ಸ್ನೇಕ್ ಪ್ಲಾಂಟಿನ ಬುಡ ಮೆತ್ತಗಾಗಿ ಕಂದಾಗಿದ್ದರೆ ಆ ಎಲೆ ಉಳಿಯದು. ಗಟ್ಟಿಯಿರುವ ಮೇಲ್ಭಾಗವನ್ನು ತುಂಡುಮಾಡಿ, ಎರಡು ದಿನ ನೆರಳಲ್ಲಿ ಆರಿಸಿ ನೆಟ್ಟರೆ ಹೊಸ ಗಿಡವಾದರೂ ಸಿಗುತ್ತದೆ.

ನರ್ಸರಿಯಿಂದ ತಂದ ಗಿಡಕ್ಕೆ ಇನ್ನೊಂದು ತೊಡಕಿದೆ. ಬೆಂಗಳೂರಿನ ಸುತ್ತಮುತ್ತಲ ನರ್ಸರಿಗಳಲ್ಲಿ ಬಹಳಷ್ಟು ಗಿಡಗಳ ಬೇರು ಕೆಮ್ಮಣ್ಣಿನ ಗಟ್ಟಿ ಉಂಡೆಯಲ್ಲಿರುತ್ತದೆ. ಅದನ್ನು ಹಾಗೇ ತಂದು ಸಡಿಲವಾದ ಕೊಕೊಪೀಟ್ ತುಂಬಿದ ಕುಂಡದಲ್ಲಿಟ್ಟರೆ ಹಾಕಿದ ನೀರು ಅಂಚಿನ ಕೊಕೊಪೀಟಿನಲ್ಲಿ ಇಳಿದುಹೋಗುತ್ತದೆ, ನಡುವಿನ ಉಂಡೆ ಒಣಗಿಯೇ ಇರುತ್ತದೆ. ಬೆರಳಿಗೆ ತೇವ ತಾಗುತ್ತದೆ, ಗಿಡ ಮಾತ್ರ ನೀರಿಲ್ಲದೆ ಒಣಗುತ್ತದೆ. ನೆಡುವ ಮುನ್ನ ಉಂಡೆಯನ್ನು ನೀರಲ್ಲಿ ನೆನೆಸಿ ಹೊರಗಿನ ಮಣ್ಣನ್ನು ಮೆಲ್ಲಗೆ ಬಿಡಿಸುವುದು ಅಗತ್ಯ. ಕೊಕೊಪೀಟನ್ನೂ ತೊಳೆಯದೆ ಬಳಸಬಾರದು. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಸಹಜವಾಗಿಯೇ ಇರುತ್ತವೆ. ಇಟ್ಟಿಗೆಯಂಥ ಅಚ್ಚನ್ನು ನೆನೆಸಿ ಎರಡು ಮೂರು ಸಲ ಹಿಂಡಿ ನೀರು ಚೆಲ್ಲಿದರೆ ಬಹಳಷ್ಟು ಹೋಗುತ್ತವೆ.

ಬಿಸಿಲಿನ ಸುಟ್ಟಗಾಯವನ್ನು ಗುರುತಿಸುವುದು ಸುಲಭ. ಕಿಟಕಿಗೆ ಮುಖ ಮಾಡಿದ ಎಲೆಗಳಲ್ಲಿ, ಅದೂ ಮೇಲ್ಮೈಯಲ್ಲಿ, ನಡುಭಾಗದಲ್ಲಿ ಮೊದಲು ಬಿಳಿಚಿ ಆಮೇಲೆ ಕಂದಾಗಿ ಕಾಗದದಂತೆ ಒಣಗುತ್ತದೆ. ಅದೇ ಗಿಡದ ನೆರಳಿನ ಬದಿಯ ಎಲೆಗಳು ನಿರ್ಮಲವಾಗಿರುತ್ತವೆ. ಬಿಳಿ ಪಟ್ಟೆಯ ಮನಿಪ್ಲಾಂಟುಗಳಲ್ಲಿ ಬಿಳಿಭಾಗವೇ ಮೊದಲು ಸುಡುತ್ತದೆ. ಎಷ್ಟೋ ಮನೆಗಳಲ್ಲಿ ಕುಂಡವನ್ನು ಕದಲಿಸದಿದ್ದರೂ ಇದು ಆಗುವುದುಂಟು, ಅದಕ್ಕೆ ಕಾರಣ ಋತುಮಾನ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನ ಶೂನ್ಯ ನೆರಳಿನ ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಅವೆರಡರ ನಡುವಿನ ತಿಂಗಳುಗಳಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ಆಗ ದಕ್ಷಿಣದ ಕಿಟಕಿಯಲ್ಲಿ ನೆರಳಿರುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದಾಗ ಅದೇ ಕಿಟಕಿಯಿಂದ ಬಿಸಿಲು ಒಳಕ್ಕೆ ಬಹುದೂರ ಚಾಚುತ್ತದೆ. ಜೂನಿನಲ್ಲಿ ಸುಖವಾಗಿದ್ದ ಪೀಸ್ ಲಿಲಿ ಚಳಿಗಾಲದಲ್ಲಿ ಸುಡುವುದು ಹೀಗೆ. ತೆಳು ಪರದೆ ಇಳಿಬಿಟ್ಟರೆ ಅಥವಾ ಕುಂಡವನ್ನು ಮೂರ್ನಾಲ್ಕು ಅಡಿ ಒಳಗೆ ಸರಿಸಿದರೆ ಸಾಕು. ಒಳಗಿದ್ದ ಗಿಡವನ್ನು ಬಾಲ್ಕನಿಗೆ ಒಯ್ಯುವುದಿದ್ದರೆ ಹತ್ತು ಹದಿನೈದು ದಿನ ಬೆಳಗಿನ ಎಳೆಬಿಸಿಲಿಗಷ್ಟೇ ಒಡ್ಡಿ ರೂಢಿ ಮಾಡಿಸಬೇಕು.

ಹವಾನಿಯಂತ್ರಕದ ಎದುರಿಗಿಟ್ಟ ಗಿಡದ ಅಂಚು ಒಣಗುವುದು ತಂಪಿಗಿಂತ ಹೆಚ್ಚಾಗಿ ಒಣಗಾಳಿಯಿಂದ. ಕಲಾಥಿಯಾ, ಮರಾಂಟಾದಂಥ ಕಾಡಿನ ನೆಲದ ಗಿಡಗಳಿಗೆ ಬಯಲುಸೀಮೆಯ ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನವೂ ಅಷ್ಟೇ ಕಠಿಣ. ಮಂಗಳೂರು, ಕಾರವಾರದಲ್ಲಿ ಇವೇ ಗಿಡಗಳ ಅಂಚು ಅಷ್ಟು ಸುಲಭಕ್ಕೆ ಒಣಗುವುದಿಲ್ಲ. ಎಲೆಗೆ ಆಗಾಗ ನೀರು ಚಿಮುಕಿಸುವುದರಿಂದ ತೇವಾಂಶ ಕೆಲವೇ ನಿಮಿಷ ಏರಿ ಇಳಿಯುತ್ತದೆ, ಗಡಸು ನೀರಾದರೆ ಅದರದೇ ಬಿಳಿ ಕಲೆ ಕೂರುತ್ತದೆ. ಕುಂಡಗಳನ್ನು ಗುಂಪಾಗಿಡುವುದು, ಬೆಣಚುಕಲ್ಲು ಹರಡಿದ ತಟ್ಟೆಯಲ್ಲಿ ನೀರು ತುಂಬಿ ಅದರ ಮೇಲೆ ಕುಂಡದ ತಳ ನೀರಿಗೆ ತಾಗದಂತೆ ಇಡುವುದು ಇದಕ್ಕಿಂತ ಮೇಲು.

ಮಳೆಗಾಲದಲ್ಲಿ ಇನ್ನೊಂದು ಬಗೆಯ ಚುಕ್ಕೆ ಬರುತ್ತದೆ. ಮೋಡ ಕವಿದ ತಣ್ಣನೆಯ ದಿನಗಳಲ್ಲಿ ಎಲೆಯಿಂದ ನೀರು ಹೆಚ್ಚು ಆವಿಯಾಗುವುದಿಲ್ಲ, ಬೇರು ಮಾತ್ರ ಹೀರುತ್ತಲೇ ಇರುತ್ತದೆ. ಒತ್ತಡ ತಾಳದೆ ಎಲೆಯಡಿಯ ಕೋಶಗಳು ಉಬ್ಬಿ ಒಡೆದು ಬೆಂಡಿನಂಥ ಕಂದು ಗುಳ್ಳೆಗಳಾಗುತ್ತವೆ. ಪೆಪರೋಮಿಯಾ, ಜೇಡ್ ಗಿಡಗಳಲ್ಲಿ ಇದು ಸಾಮಾನ್ಯ. ಇದು ಹರಡುವ ರೋಗವಲ್ಲ. ನೀರು ತಗ್ಗಿಸಿ ಬೆಳಕು ಹೆಚ್ಚಿಸಿದರೆ ಹೊಸ ಎಲೆಗೆ ಬರುವುದಿಲ್ಲ.

ಬೇಸಿಗೆಯಲ್ಲಿ ಕೀಟಗಳನ್ನು ಮರೆಯುವಂತಿಲ್ಲ. ಎಲೆಯ ಮೇಲೆಲ್ಲ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳೆದ್ದು ಒಟ್ಟಾರೆ ಕಂಚಿನ ಬಣ್ಣ ಬಂದಿದ್ದರೆ ಎಲೆಯಡಿಗೆ ಬಿಳಿ ಹಾಳೆ ಹಿಡಿದು ಎಲೆಯನ್ನು ತಟ್ಟಬೇಕು. ಉದುರಿದ ಧೂಳಿನಲ್ಲಿ ಕೆಲವು ಕಣಗಳು ಮೆಲ್ಲನೆ ಹರಿದಾಡತೊಡಗಿದರೆ ಅವು ಜೇಡನುಸಿ. ಬೆಳ್ಳಿಯಂತೆ ಹೊಳೆಯುವ ಒಣ ಗೀರುಗಳು, ಅವುಗಳ ನಡುವೆ ಕಪ್ಪು ಹಿಕ್ಕೆಯ ಚುಕ್ಕೆಗಳು ಇದ್ದರೆ ಥ್ರಿಪ್ಸ್. ಎರಡಕ್ಕೂ ಮೊದಲ ಮದ್ದು ನೀರೇ. ಎಲೆಯಡಿಗೆ ರಭಸವಾಗಿ ನೀರು ಹಾಯಿಸಿ ತೊಳೆಯುವುದನ್ನು ಮೂರು ನಾಲ್ಕು ದಿನಕ್ಕೊಮ್ಮೆ ಎರಡು ಮೂರು ವಾರ ಮಾಡಬೇಕು. ಆಮೇಲೂ ಉಳಿದರೆ ಲೀಟರು ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಅದು ಬೆರೆಯಲು ಕೆಲವು ಹನಿ ಮೆದು ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಬಹುದು. ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ಕಾಯಬೇಕು. ಬಿಸಿಲಲ್ಲಿ ಹಾಕಿದ ಎಣ್ಣೆ, ಅಳತೆಮೀರಿದ ಪಾತ್ರೆ ತೊಳೆಯುವ ಸೋಪು ತಾವೇ ಕಂದು ಕಲೆ ಮಾಡುತ್ತವೆ.

ಇನ್ನು ನಿಜವಾದ ಎಲೆಚುಕ್ಕೆ ರೋಗ. ಮಳೆಗಾಲದ ಬಾಲ್ಕನಿ, ಗಾಳಿಯಾಡದ ಮೂಲೆ, ಒತ್ತೊತ್ತಾಗಿಟ್ಟ ಕುಂಡಗಳು, ಸಂಜೆ ಎಲೆಯ ಮೇಲೆ ನೀರೆರೆಯುವ ಅಭ್ಯಾಸ, ಇಷ್ಟು ಕೂಡಿದರೆ ರೋಗಕ್ಕೆ ಬೇಕಾದದ್ದೆಲ್ಲ ಸಿಕ್ಕಂತೆ. ಶಿಲೀಂಧ್ರದ ಕಲೆ ಸಾಮಾನ್ಯವಾಗಿ ದುಂಡಗೆ, ಒಣಗಿ, ಸ್ವಲ್ಪ ತಗ್ಗಾಗಿ, ಒಂದರೊಳಗೊಂದು ಬಳೆಗಳಂತೆ ಬೆಳೆಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ನಡುವೆ ಕಪ್ಪು ಚುಕ್ಕೆಗಳಾಗಿ ಬೀಜಕದ ಗೂಡುಗಳು ಕಾಣಬಹುದು. ಕೊಲೆಟೊಟ್ರೈಕಮ್ ಕುಲದ ಶಿಲೀಂಧ್ರ ತರುವ ಚಿಬ್ಬು ರೋಗದಲ್ಲಿ ಇದು ಸ್ಪಷ್ಟ. ಕೆಲವು ವರ್ಷಗಳಿಂದ ಮಲೆನಾಡಿನ ಅಡಿಕೆ ತೋಟಗಳನ್ನು ಕಂಗೆಡಿಸಿರುವ ಎಲೆಚುಕ್ಕೆ ರೋಗದಲ್ಲೂ ಈ ಕುಲದ ಪಾತ್ರವಿದೆ. ಆದರೆ ಮನೆಯೊಳಗೆ ಬೆಳೆಸುವ ಅರೇಕಾ ಪಾಮ್ ಮಡಗಾಸ್ಕರ್ ಮೂಲದ ಬೇರೆಯೇ ಗಿಡ. ಅದರ ಗರಿಯ ತುದಿ ಒಣಗುವುದು ಬಹುತೇಕ ನೀರು, ಲವಣದ ಕಾರಣಕ್ಕೆ. ಬ್ಯಾಕ್ಟೀರಿಯಾದ ಕಲೆ ಬೇರೆ ಥರ. ನೀರಲ್ಲಿ ನೆನೆದಂತೆ ಶುರುವಾಗಿ, ನರಗಳ ನಡುವೆ ಸಿಕ್ಕಿಕೊಂಡು ಮೂಲೆಮೂಲೆಯಾಗಿ ಹರಡುತ್ತದೆ, ಸುತ್ತ ಹಳದಿ ಬಳೆ ಇರುತ್ತದೆ. ಆಂಥೂರಿಯಂ, ಡೈಫೆನ್‌ಬೇಕಿಯಾ, ಕುಂಡದಲ್ಲಿ ಹಬ್ಬಿಸಿದ ವೀಳ್ಯದೆಲೆ ಬಳ್ಳಿಗಳಿಗೆ ಇದು ಬರುತ್ತದೆ.

ಎರಡನ್ನೂ ಬೇರ್ಪಡಿಸಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಟೊಮೆಟೊ, ಶುಂಠಿ ಬೆಳೆಗಾರರು ದುಂಡಾಣು ಸೊರಗು ರೋಗ ಪತ್ತೆಗೆ ಮಾಡುವುದೂ ಇದನ್ನೇ. ಹೊಸ ಕಲೆಯ ಅಂಚನ್ನು, ಅರ್ಧ ಹಸಿರು ಅರ್ಧ ಕಂದು ಬರುವಂತೆ, ಚೊಕ್ಕ ಬ್ಲೇಡಿನಿಂದ ಕತ್ತರಿಸಿ ಗಾಜಿನ ಲೋಟದ ತಿಳಿನೀರಲ್ಲಿ ಇಳಿಬಿಟ್ಟು ಅಲುಗಾಡಿಸದೆ ಇಡಬೇಕು. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಸಣ್ಣ ಎಳೆ ಕೆಳಗಿಳಿಯತೊಡಗಿದರೆ ಅದು ಬ್ಯಾಕ್ಟೀರಿಯಾ. ಏನೂ ಕಾಣದಿದ್ದರೆ ಶಿಲೀಂಧ್ರವೋ ರೋಗೇತರ ಕಾರಣವೋ ಇರಬೇಕು.

ರೋಗ ಖಚಿತವಾದರೆ ಮೊದಲ ಕೆಲಸ ಆ ಗಿಡವನ್ನು ಬೇರೆಯಿಡುವುದು, ಕಲೆಯಾದ ಎಲೆಗಳನ್ನು ತೆಗೆದು ಕಸಕ್ಕೆ ಹಾಕುವುದು. ಅವನ್ನು ಕಾಂಪೋಸ್ಟಿಗೆ ಸೇರಿಸಬಾರದು. ಒಂದೊಂದು ಗಿಡಕ್ಕೂ ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ಶಿಲೀಂಧ್ರನಾಶಕಗಳಿಂದ ಹೆಚ್ಚು ನಿರೀಕ್ಷಿಸುವುದು ಸಲ್ಲದು. ತಾಮ್ರದ ಔಷಧಿಗಳು ಆರೋಗ್ಯವಂತ ಎಲೆಯ ಮೇಲೆ ಕೂತು ಬೀಜಕ ಮೊಳೆಯದಂತೆ ತಡೆಯುತ್ತವೆ, ಸತ್ತ ಜಾಗವನ್ನು ಬದುಕಿಸುವುದಿಲ್ಲ. ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಿಗೆ ರೂಪಿಸಿಕೊಟ್ಟ ಬೋರ್ಡೋ ದ್ರಾವಣವನ್ನು 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಅಂದಿನಿಂದ ಇಂದಿನವರೆಗೂ ಬೆಳೆಗಾರರು ಅದನ್ನು ಹೊಡೆಯುವುದು ಮಳೆ ಜೋರಾಗುವ ಮುಂಚೆ, ಕೊಳೆ ಬರುವುದಕ್ಕೂ ಮೊದಲು. ಮನೆಗಿಡಕ್ಕೂ ಅದೇ ತತ್ವ. ತೀರಾ ಬೇಕೆನಿಸಿದರೆ ಕಾಪರ್ ಆಕ್ಸಿಕ್ಲೋರೈಡನ್ನು ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಿ, ಗಿಡವನ್ನು ಹೊರಗೊಯ್ದು, ಮೂಗು ಬಾಯಿ ಮುಚ್ಚಿಕೊಂಡು ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ಒಳತರಬೇಕು. ಮುಚ್ಚಿದ ಕೋಣೆಯಲ್ಲಿ, ಮಕ್ಕಳು ಮಲಗುವಲ್ಲಿ ಸಿಂಪಡಿಸುವುದು ಖಂಡಿತ ಕೂಡದು. ತುಳಸಿ, ವೀಳ್ಯದೆಲೆ, ಕರಿಬೇವಿನಂಥ ಬಾಯಿಗೆ ಹೋಗುವ ಎಲೆಗಳಿಗೆ ಇವು ಬೇಡವೇ ಬೇಡ, ಕಲೆಯಾದ ಎಲೆ ಚಿವುಟಿ ಹಾಕಿದರಾಯಿತು.

ತಡೆಗಟ್ಟಲು ಬೇಕಾದದ್ದು ದುಬಾರಿ ವಸ್ತುಗಳಲ್ಲ. ನೀರನ್ನು ಬೆಳಗ್ಗೆ, ಎಲೆಗಲ್ಲದೆ ಮಣ್ಣಿಗೆ ಹಾಕಬೇಕು. ವಾರ ನೋಡಿ ಅಲ್ಲ, ಮಣ್ಣು ನೋಡಿ ಹಾಕಬೇಕು. ಜುಲೈಯಲ್ಲಿ ಹತ್ತು ದಿನ ತಡೆಯುವ ಕುಂಡ ಏಪ್ರಿಲ್‌ನಲ್ಲಿ ಮೂರೇ ದಿನಕ್ಕೆ ಒಣಗಬಹುದು. ತಳದಲ್ಲಿ ತೂತಿಲ್ಲದ ಅಂದದ ಕುಂಡವನ್ನು ಹೊರಗವಚವಾಗಿ ಮಾತ್ರ ಬಳಸಬೇಕು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದಲೋ ನರ್ಸರಿಯಿಂದಲೋ ತಂದ ಹೊಸ ಗಿಡವನ್ನು ಎರಡು ಮೂರು ವಾರ ಹಳೆಯ ಗಿಡಗಳ ಹತ್ತಿರ ಬಿಡದೆ ದೂರ ಇರಿಸಿ, ಎಲೆಯಡಿಯನ್ನು ದಿನ ಬಿಟ್ಟು ದಿನ ನೋಡಬೇಕು. ನೆರಳು ಪರದೆಯಡಿ ಬೆಳೆದು ಬಂದ ಗಿಡ ಮನೆಯ ಮಂದ ಬೆಳಕಿಗೆ ಒಗ್ಗುವಾಗ ಕೆಲವು ಹಳೆಯ ಎಲೆಗಳನ್ನು ಕಳೆದುಕೊಳ್ಳುವುದು ಮಾಮೂಲು. ಆಗ ಗಾಬರಿಯಿಂದ ನೀರು, ಗೊಬ್ಬರ ಹೆಚ್ಚಿಸಿದರೆ ಇಲ್ಲದ ರೋಗ ಬರುತ್ತದೆ. ಎಲೆಗಳ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರೆ ನುಸಿಯೂ ಕಡಿಮೆ, ಕಲೆಯೂ ಬೇಗ ಕಣ್ಣಿಗೆ ಬೀಳುತ್ತದೆ.

ಕಂದಾದ ಭಾಗ ಮತ್ತೆ ಹಸಿರಾಗುವುದಿಲ್ಲ. ಒಣ ತುದಿಯನ್ನು ಎಲೆಯ ಆಕಾರಕ್ಕೆ ತಕ್ಕಂತೆ, ಹಸಿರನ್ನು ಮುಟ್ಟದೆ ಕೂದಲೆಳೆಯಷ್ಟು ಕಂದು ಉಳಿಸಿ ಕತ್ತರಿಸಬಹುದು. ಅರ್ಧಕ್ಕಿಂತ ಹೆಚ್ಚು ಹಸಿರಿರುವ ಎಲೆ ಗಿಡಕ್ಕೆ ಇನ್ನೂ ಅನ್ನ ಒದಗಿಸುತ್ತಿರುತ್ತದೆ, ರೋಗವಿಲ್ಲದಿದ್ದರೆ ಅಂದಕ್ಕಾಗಿ ಅದನ್ನು ತೆಗೆಯಬಾರದು. ಮಾಡಿದ ಬದಲಾವಣೆ ಸರಿಹೋಯಿತೇ ಎಂದು ತಿಳಿಯಲು ಹೊಸದಾಗಿ ಬರುವ ಎರಡು ಮೂರು ಎಲೆಗಳನ್ನು ನೋಡಬೇಕು, ಅದಕ್ಕೆ ಒಂದೆರಡು ತಿಂಗಳು ಹಿಡಿಯುತ್ತದೆ. ಆ ಅವಧಿಯಲ್ಲಿ ನೀರು, ಜಾಗ, ಗೊಬ್ಬರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲ. ಒಂದೊಂದಾಗಿ ಬದಲಿಸಬೇಕು.

ಇಷ್ಟಾದರೂ ಕಲೆ ಹರಡುತ್ತಲೇ ಇದ್ದರೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಇಲಾಖೆ ಅಥವಾ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಜ್ಞರನ್ನು ಕೇಳಬಹುದು. ತೋರಿಸಲು ಒಯ್ಯುವ ಎಲೆ ಪೂರ್ತಿ ಒಣಗಿರಬಾರದು, ಅಂಥದ್ದರಲ್ಲಿ ಮೂಲ ರೋಗಾಣು ಸಿಗುವುದು ಕಷ್ಟ. ಕಲೆ ಈಗಷ್ಟೇ ಶುರುವಾದದ್ದು, ನಡುಹಂತದ್ದು, ಬಲಿತದ್ದು ಹೀಗೆ ಮೂರು ಎಲೆಗಳನ್ನು ಒಣ ಸುದ್ದಿಪತ್ರಿಕೆಯಲ್ಲಿ ಸುತ್ತಿ ಅದೇ ದಿನ ತಲುಪಿಸಬೇಕು. ಒದ್ದೆ ಪ್ಲಾಸ್ಟಿಕ್ ಚೀಲದಲ್ಲಿ ಒಯ್ದರೆ ದಾರಿಯಲ್ಲೇ ಕೊಳೆಯುತ್ತದೆ. ಜೊತೆಗೆ ಗಿಡಕ್ಕೆ ಹಾಕುವ ನೀರು ಯಾವುದು, ಕುಂಡ ಇರುವ ಜಾಗ ಯಾವುದು, ಕಳೆದ ತಿಂಗಳು ಏನೇನು ಹಾಕಲಾಯಿತು ಎಂದು ಬರೆದು ಕೊಡಬೇಕು. ಮನೆಗಿಡದ ವಿಷಯದಲ್ಲಿ ಕಾರಣ ಹೆಚ್ಚಾಗಿ ಸಿಗುವುದು ಆ ಚೀಟಿಯಲ್ಲೇ.